41 ಪದಕ್ಕೆ ಮೂರು ವರ್ಷ: ಸಣ್ಣ ದೇಶದ ಮಿಷನ್‌ನಲ್ಲಿ ನನ್ನ ಅನುಭವ

ಬೆಳಿಗ್ಗೆ 10ಕ್ಕೆ ಸೈಲೆನ್ಸ್ (ಡ್ರಾಫ್ಟ್ ನಿರ್ಣಯಕ್ಕೆ ಆಕ್ಷೇಪ ಇದ್ರೆ ಹೇಳೋಕೆ ಕೊಡೋ ಗಡುವು) ಮುಗೀಬೇಕಿತ್ತು. ನಾನು 9 ಗಂಟೆಯಿಂದ ಫೋನ್ ಮುಂದೆ ಇಟ್ಕೊಂಡು ಕೂತಿದ್ದೆ, ಯಾಕಂದ್ರೆ ನಾವು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಇಲ್ಲ, ಆ ಇಮೇಲ್ ನಮಗೆ ಬರೋದೇ ಇಲ್ಲ, ಒಳಗಿರೋ ಪುಣ್ಯಾತ್ಮರು ಯಾರಾದ್ರೂ ಹೇಳಿದ್ರೆ ಉಂಟು ಇಲ್ಲಾಂದ್ರೆ ಇಲ್ಲ. 10 ಆಯ್ತು, 10.07 ಆಯ್ತು, 10.20ಕ್ಕೆ ಒಂದು ಮೆಸೇಜ್ ಬಂತು, ಬರೀ ಒಂದು ನೀಲಿ ಚೌಕ. ಈ ಕೆಲಸ ಮಾಡೋರಿಗೆ ಬಿಡಿಸಿ ಹೇಳ್ಬೇಕಿಲ್ಲ, ಡ್ರಾಫ್ಟ್ ಬ್ಲೂಗೆ ಹೋಯ್ತು, ಅಂದ್ರೆ ಯಾರೂ ತಕರಾರು ಎತ್ತಲಿಲ್ಲ, ವೋಟಿಗೆ ರೆಡಿ. ಅದರೊಳಗೆ ಶಾಂತಿಪಾಲಕರ ಕ್ಯಾಂಪಿನ ಕೊಳಚೆ ನೀರಿನ ಬಗ್ಗೆ ನಮ್ಮ ಪ್ಯಾರಾ ಇತ್ತು. ಇಂಗ್ಲಿಷಲ್ಲಿ 41 ಪದ. ಶುರು ಮಾಡಿದಾಗ 96 ಇತ್ತು, ಆ ಕಥೆಗೆ ಆಮೇಲೆ ಬರ್ತೀನಿ.

ಇದನ್ನ ಈಗ ಬರೀತಿರೋದಕ್ಕೆ ಕಾರಣ ಸಿಂಪಲ್. "ಸೀಟೇ ಇಲ್ಲದೋರು ಮಂಡಳಿ ನಿರ್ಣಯ ಬರೀತಾರಂತೆ" ಅಂತ ನಕ್ಕೋರು ತುಂಬಾ ಜನ, ಅದ್ರಲ್ಲಿ ಇಬ್ಬರು ನಮ್ಮ ಮಿಷನ್‌ನವರೇ (ಮಿಷನ್ ಅಂದ್ರೆ ನ್ಯೂಯಾರ್ಕಲ್ಲಿ ವಿಶ್ವಸಂಸ್ಥೆಗೆ ಒಂದು ದೇಶ ಇಟ್ಟಿರೋ ರಾಯಭಾರ ಕಚೇರಿ). ಈಗ ಅವರೇ ಫೋನ್ ಮಾಡಿ ಹೆಂಗ್ ಮಾಡಿದ್ರಿ ಅಂತ ಕೇಳ್ತಾರೆ. ಸರಿ, ಹೇಳ್ತೀನಿ, ಎಲ್ಲಾ ಹೇಳಲ್ಲ.

ಯಾವ ದೇಶ ಅಂತ ಹೇಳೋ ಹಾಗಿಲ್ಲ, ಕಾಂಟ್ರ್ಯಾಕ್ಟಲ್ಲಿ ಸಹಿ ಹಾಕಿದೀನಿ. ಜನಸಂಖ್ಯೆ 10 ಲಕ್ಷಕ್ಕಿಂತ ಕಡಿಮೆ ಅಂತ ಇಟ್ಕೊಳ್ಳಿ. ಇಂಥ ದೇಶಗಳು ಹೊರಗಿನೋರನ್ನ ಸಲಹೆಗಾರರಾಗಿ ತಗೊಳ್ಳೋದು ಹೊಸದೇನಲ್ಲ. ಮಿಷನ್‌ನಲ್ಲಿ ಇದ್ದಿದ್ದು ಅಂಬಾಸಿಡರ್ ಮೇಡಂ, ಇಬ್ಬರು ಆಫೀಸರ್‌ಗಳು, ಡ್ರೈವರ್ (ವೀಸಾ ಕೆಲಸ, ಪ್ರಿಂಟರ್ ರಿಪೇರಿ ಎಲ್ಲಾ ಅವನೇ), ಆಮೇಲೆ ನಾನು. ಐದು ಜನ. ಸಾಮಾನ್ಯ ಸಭೆಯ ಆರು ಕಮಿಟಿಗೆ ಒಬ್ಬೊಬ್ಬರನ್ನ ಕೂರಿಸೋಣ ಅಂದ್ರೆ ಡ್ರೈವರ್‌ನ ಸೇರಿಸಿದ್ರೂ ಒಬ್ಬ ಕಮ್ಮಿ.

ನಾನು ಸೇರಿದ್ದು 2021ರ ಕೊನೆಗೆ. ಮೊದಲ ವರ್ಷ ಪೂರ್ತಿ ದಂಡ. ಎಲ್ಲಾ ವಿಷಯದ ಮೇಲೂ ಮಾತಾಡ್ಬೇಕು ಅನ್ನೋ ಹುಚ್ಚು. ಮಂಡಳಿಯ ಒಂದು ಓಪನ್ ಡಿಬೇಟಲ್ಲಿ (ಸದಸ್ಯರಲ್ಲದೋರೂ ಮಾತಾಡಬಹುದಾದ ಚರ್ಚೆ) ನಮ್ಮದು 58ನೇ ಹೆಸರು, ಸರದಿ ಬಂದಿದ್ದು ಸಂಜೆ ಆರೂವರೆಗೆ. ಕುದುರೆಲಾಳದ ಮೇಜಿನ ಸುತ್ತ 15 ಕುರ್ಚಿ, ಅದ್ರಲ್ಲಿ ಕೂತಿದ್ದೋರೆಲ್ಲ ಬೆಳಿಗ್ಗೆ ಕೂತಿದ್ದ ರಾಯಭಾರಿಗಳಲ್ಲ, ಅವರ ಕೆಳಗಿನೋರ ಕೆಳಗಿನೋರು. ಮೇಡಂ ನಾಲ್ಕು ನಿಮಿಷ ಓದಿದ್ರು. ಆ ನಾಲ್ಕು ನಿಮಿಷಕ್ಕೆ ನಾನು ಆರು ದಿನ ಬರೆದಿದ್ದೆ, ಎದುರಿಗಿದ್ದ ಹುಡುಗ ಪೂರ್ತಿ ಫೋನ್ ನೋಡ್ತಿದ್ದ, ಕೋಣನ ಮುಂದೆ ಕಿನ್ನರಿ.

ಅದು ಸಾಲದು ಅಂತ ಸೈಡ್ ಈವೆಂಟ್ ಬೇರೆ. ಹೊರಗಿಂದ ಇಬ್ಬರು ಮಾತಾಡೋರನ್ನ ಫ್ಲೈಟಲ್ಲಿ ಕರೆಸಿ, ಹೋಟೆಲ್, ಲಂಚ್, ಬ್ಯಾನರ್, ವಿಡಿಯೋ ಅಂತ ಸುಮಾರು 14 ಸಾವಿರ ಡಾಲರ್ ಉಡಾಯಿಸಿದ್ವಿ. ಬಂದೋರು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ, ಲಂಚ್ ಮುಗಿದ ಮೇಲೆ ಉಳಿದಿದ್ದು ಒಂಬತ್ತು, ಅದ್ರಲ್ಲಿ ಮೂರು ನಾವೇ. ಅಳತೆಗೆ ಹೇಳ್ತೀನಿ, ವಿಶ್ವಸಂಸ್ಥೆಯ ರೆಗ್ಯುಲರ್ ಬಜೆಟ್‌ಗೆ ಕನಿಷ್ಠ ದರದವರು ಕಟ್ಟೋದು 0.001 ಪರ್ಸೆಂಟ್, ಅಂದ್ರೆ ವರ್ಷಕ್ಕೆ 30 ಸಾವಿರ ಡಾಲರ್ ಆಸುಪಾಸು. ನಾವೂ ಅದೇ ಸಾಲಿನವರು. ಒಂದು ವರ್ಷದ ಚಂದಾದಲ್ಲಿ ಹತ್ತಿರ ಅರ್ಧ ಒಂದೇ ಮಧ್ಯಾಹ್ನಕ್ಕೆ ಹೋಯ್ತು. ಮೇಡಂ ಏನೂ ಅನ್ನಲಿಲ್ಲ, ಬಿಲ್ ಫೈಲಿಗೆ ಹಾಕಿ ಪೆನ್ ಕ್ಯಾಪ್ ಮುಚ್ಚಿದ್ರು ಅಷ್ಟೇ, ಅದು ಬೈಗುಳಕ್ಕಿಂತ ಜಾಸ್ತಿ ಚುಚ್ತು.

ಅಷ್ಟರಲ್ಲಿ ಕ್ಯಾಪಿಟಲ್‌ನಿಂದ, ಅಂದ್ರೆ ರಾಜಧಾನಿಯಲ್ಲಿರೋ ಸರ್ಕಾರದಿಂದ, ಹೊಸ ಐಡಿಯಾ, ಮಂಡಳಿ ಸೀಟಿಗೆ ನಿಲ್ಲೋಣ. ಸೇಂಟ್ ವಿನ್ಸೆಂಟ್ ಅಂಡ್ ಗ್ರೆನಡೀನ್ಸ್ ನಿಂತು ಗೆದ್ದಿಲ್ವಾ, ಬರೀ 1 ಲಕ್ಷ ಚಿಲ್ಲರೆ ಜನ ಇರೋ ದೇಶ, 2019ರಲ್ಲಿ 185 ವೋಟ್ ತಗೊಂಡ್ರು ಅಂತ. ನಿಜ. ಗೆದ್ದ ಮೇಲೆ ಅವರು ಮೂರು ಆಫ್ರಿಕನ್ ದೇಶಗಳ ಜೊತೆ ಸೇರಿ ಎ3 ಪ್ಲಸ್ 1 ಅಂತ ಒಂದೇ ದನಿಯಲ್ಲಿ ಮಾತಾಡಿದ್ದಂತೂ ನನ್ನ ಪ್ರಕಾರ ಆ ಎರಡು ವರ್ಷದ ಅತಿ ಜಾಣ ನಡೆ, ಒಂದು ವೋಟ್ ಕೈಲಿಟ್ಕೊಂಡು ನಾಲ್ಕರ ತೂಕ. ಆದ್ರೆ ಅವರ ಪ್ರದೇಶದಲ್ಲಿ ಗುಂಪು ಗಟ್ಟಿಯಾಗಿ ಹಿಂದೆ ನಿಂತಿತ್ತು, ನಮಗೆ ಎದುರಾಳಿ ಇದ್ರು. ಎದುರಾಳಿ ಇದ್ರೆ ಏನಾಗುತ್ತೆ ಅಂತ 2018ರಲ್ಲಿ ಮಾಲ್ಡೀವ್ಸ್ ನೋಡಿದೆ, ಇಂಡೋನೇಷ್ಯಾಗೆ 144, ಅವರಿಗೆ 46.

ನಾನು ಕ್ಯಾಪಿಟಲ್‌ಗೆ ಎರಡೇ ಎರಡು ಅಂಕಿ ಬರೆದು ಕಳಿಸಿದೆ. 2012ರಲ್ಲಿ ಲಕ್ಸಂಬರ್ಗ್‌ಗೆ ಮೊದಲ ಸುತ್ತಲ್ಲಿ 128, ಬೇಕಾಗಿದ್ದು 129, ಗೆಲ್ಲಲಿಲ್ಲ, ಇನ್ನೊಂದು ಸುತ್ತು ಬೇಕಾಯ್ತು. 2020ರಲ್ಲಿ ಐರ್ಲೆಂಡ್‌ಗೂ ಅದೇ 128, ಆ ಸಲ ಬೇಕಾಗಿದ್ದೂ 128, ಮೊದಲ ಸುತ್ತಲ್ಲೇ ಒಳಗೆ, ಕೆನಡಾ 108ಕ್ಕೆ ಮನೆಗೆ. ಅಂಥ ಅಂಥ ದೇಶಗಳೇ ವರ್ಷಗಟ್ಟಲೆ ಓಡಾಡಿ ಒಂದು ವೋಟಿನ ಅಂಚಲ್ಲಿ ನಿಲ್ತಾರೆ, ನಮ್ಮ ಹತ್ರ ಏನಿದೆ? ಮೇಲಾಗಿ ಗುಪ್ತ ಮತದಾನ. ಬರಹದಲ್ಲಿ ಕೊಟ್ಟ ಮಾತಿಗೇ ನಾನು ನೂರಕ್ಕೆ ಹತ್ತು ಕಳೀತೀನಿ, ಕೈಕುಲುಕಿ ಹೇಳಿದ್ದಕ್ಕೆ ಮೂವತ್ತು. ಬೇರೆ ಒಂದು ದೇಶದ ಕ್ಯಾಂಪೇನಲ್ಲಿ ಗೆಳೆಯರೊಬ್ಬರಿಗೆ ಎಕ್ಸೆಲ್ ಶೀಟ್ ಮೈಂಟೇನ್ ಮಾಡಿಕೊಟ್ಟಿದ್ದೆ, ಶೀಟಲ್ಲಿದ್ದಿದ್ದಕ್ಕೂ ಡಬ್ಬದಲ್ಲಿ ಬಿದ್ದಿದ್ದಕ್ಕೂ ಇಪ್ಪತ್ತರ ಮೇಲೆ ವ್ಯತ್ಯಾಸ. ಆ ರಾತ್ರಿ ಆತ ಶೀಟ್ ಡಿಲೀಟ್ ಮಾಡ್ಬಿಟ್ಟ, ಇಟ್ಕೋಬೇಕಿತ್ತು.

ಸೀಟ್ ಬೇಡ, ಪ್ಯಾರಾ ಸಾಕು ಅಂತ ನಾನು ಹೇಳಿದ್ದು ಆವಾಗಲೇ. ಮಂಡಳಿ ಪ್ರತಿ ಶಾಂತಿಪಾಲನಾ ಮಿಷನ್‌ನ ಮಂಡೇಟ್‌ನ (ಏನು ಮಾಡ್ಬೇಕು, ಎಲ್ಲಿವರೆಗೆ ಅನ್ನೋ ಆದೇಶ) ಸಾಮಾನ್ಯವಾಗಿ ವರ್ಷಕ್ಕೊಂದ್ಸಲ ರಿನ್ಯೂ ಮಾಡುತ್ತೆ. ಪ್ರತಿ ಸಲ ನಿರ್ಣಯ ಮತ್ತೆ ಬರೀಬೇಕು. ಅಂದ್ರೆ ಪ್ರತಿ ವರ್ಷ ಬಾಗಿಲು ಒಂದ್ಸಲ ತೆಗೆಯುತ್ತೆ. ಅದರೊಳಗೆ ಒಂದೇ ಒಂದು ವಿಷಯದ ಮೇಲೆ ಒಂದೇ ಒಂದು ಪ್ಯಾರಾ ತೂರಿಸೋದು, ಅದೇ ವಿಷಯ, ಅದೇ ಮುಖ, ಬೇರೆ ಏನೂ ಮಾತಾಡೋದೇ ಇಲ್ಲ.

ವಿಷಯ ಸಿಕ್ಕಿದ್ದು ಆಕಸ್ಮಿಕ. ನಮ್ಮ ದೇಶ ಒಂದು ಶಾಂತಿಪಾಲನಾ ಮಿಷನ್‌ಗೆ ಐದು ಜನ ಪೊಲೀಸರನ್ನ ಕಳಿಸಿತ್ತು. ಐದೇ. ದುಡ್ಡಿಗಲ್ಲ, ದೊಡ್ಡ ದೇಶಗಳು ಬೆಟಾಲಿಯನ್ ಕಳಿಸಿದ್ರೆ ಆಗ ಒಬ್ಬ ಸೈನಿಕನಿಗೆ ತಿಂಗಳಿಗೆ 1,400 ಡಾಲರ್ ಚಿಲ್ಲರೆ ಬರ್ತಿತ್ತು, ಐದು ಜನ ಪೊಲೀಸರಿಂದ ನಮಗೇನೂ ಬರಲ್ಲ, ಖರ್ಚೇ. ಆದ್ರೆ ಆ ಐದು ಜನ ಇದ್ದಿದ್ದರಿಂದ ಎರಡು ಬಾಗಿಲು ತೆಗೀತು. ಸಿ-34 ಕಮಿಟಿ ಸದಸ್ಯತ್ವ (ಶಾಂತಿಪಾಲನೆ ಬಗ್ಗೆ ಸಾಮಾನ್ಯ ಸಭೆಯ ವಿಶೇಷ ಕಮಿಟಿ, ಹೆಸರಲ್ಲಿ 34, ಒಳಗಿರೋರು 150ಕ್ಕೂ ಹೆಚ್ಚು), ಆಮೇಲೆ 2001ರ 1353ನೇ ನಿರ್ಣಯದ ಪ್ರಕಾರ ಪಡೆ ಕಳಿಸೋ ದೇಶಗಳ ಜೊತೆ ಮಂಡಳಿ ನಡೆಸೋ ಮೀಟಿಂಗ್. ಆ ಮೀಟಿಂಗಲ್ಲಿ ಎಲ್ಲರೂ ಬರ್ಕೊಂಡು ಬಂದಿದ್ದನ್ನ ಓದಿ ಎದ್ದು ಹೋಗ್ತಾರೆ ಅಂತ ನಿಮಗೂ ಗೊತ್ತು. ಹಾಗಿದ್ರೂ ಕುರ್ಚಿ ಕುರ್ಚಿನೇ.

ಆ ಐವರಲ್ಲಿ ಒಬ್ಬ ಸಾರ್ಜೆಂಟ್ ಒಂದು ದಿನ ಮೇಡಂಗೆ ಫೋಟೋ ಕಳಿಸಿದ. ಕ್ಯಾಂಪಿನ ಕೊಳಚೆ ಗುಂಡಿ ತುಂಬಿ, ಬೇಲಿ ಕೆಳಗಿಂದ ಹೊರಗಿನ ಕಾಲುವೆಗೆ ಹರೀತಾ ಇದೆ. ಕಾಲುವೆ ಆಚೆ ದಡದಲ್ಲಿ ಹಳದಿ ಬಿಂದಿಗೆ ಹಿಡ್ಕೊಂಡು ಒಬ್ಬಳು ಹುಡುಗಿ. ಹೈಟಿ ನೆನಪಿರೋರಿಗೆ ಅದು ಬರೀ ಫೋಟೋ ಅಲ್ಲ. 2010ರ ಅಕ್ಟೋಬರಲ್ಲಿ ಶಾಂತಿಪಾಲಕರ ಕ್ಯಾಂಪಿನ ಕೊಳಚೆ ಆರ್ಟಿಬೊನೈಟ್ ನದಿಯ ಉಪನದಿಗೆ ಸೇರಿ ಕಾಲರಾ ಶುರುವಾಯ್ತು, ಹತ್ತಿರ ಹತ್ತಿರ 10 ಸಾವಿರ ಜನ ಹೋದ್ರು, 8 ಲಕ್ಷ ಜನಕ್ಕೆ ಕಾಯಿಲೆ, ಆಗಿನ ಮಹಾ ಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ಕ್ಷಮೆ ಕೇಳಿದ್ದು ಆರು ವರ್ಷ ಆದ ಮೇಲೆ, 2016ರ ಡಿಸೆಂಬರಲ್ಲಿ. ಮೇಡಂ ಫೋನ್ ನನ್ನ ಕೈಗೆ ಕೊಟ್ಟು "ಇದೇ" ಅಂದ್ರು.

96 ಪದದ ಪ್ಯಾರಾ ಬರ್ಕೊಂಡು ನಾನು ಸೀದಾ ಪೆನ್‌ಹೋಲ್ಡರ್ (ಆ ನಿರ್ಣಯದ ಡ್ರಾಫ್ಟ್ ಬರೆಯೋ ಮಂಡಳಿ ಸದಸ್ಯ ದೇಶ) ಹತ್ರ ಹೋದೆ. ತಪ್ಪು. ಆ ದೇಶದ ಎಕ್ಸ್‌ಪರ್ಟ್ (ಆ ಫೈಲ್ ನೋಡ್ಕೊಳ್ಳೋ ರಾಜತಾಂತ್ರಿಕ) ತುಂಬಾ ಸಭ್ಯ ಮನುಷ್ಯ, ಪೂರ್ತಿ ಓದಿ, ಮುಖ್ಯವಾದ ವಿಷಯ, ಖಂಡಿತ ಪರಿಶೀಲಿಸ್ತೀವಿ ಅಂದ. ಅಡ್ಡಗೋಡೆ ಮೇಲೆ ದೀಪ. ಆ ಸಲದ ನಿರ್ಣಯ ಬಂದಾಗ ನಮ್ಮದು ಒಂದು ಅಕ್ಷರ ಇಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ, ಎಲ್ಲಾ ಕಡೆಯಿಂದ ಬರೋ ಇಂಥ ಕಾಗದ ಅವನ ಮೇಜಿನ ಮೇಲೆ ಎಷ್ಟಿರುತ್ತೋ. ಹೊಸ ಮಾತು ಕಂಡ್ರೆ ಅವರಿಗೆ ಭಯ, ಒಂದು ಹೊಸ ಪದ ಸೇರಿಸಿದ್ರೆ ಇನ್ನೊಬ್ಬರು ತಮ್ಮದೂ ಒಂದು ತರ್ತಾರೆ.

ಆಮೇಲೆ ಕೂತು ಟೇಬಲ್ ಮಾಡಿದೆ. ನನ್ನ ಇಡೀ ವಿಧಾನದಲ್ಲಿ ಅತಿ ಬೋರಿಂಗ್, ಅತಿ ಉಪಯೋಗದ ಕೆಲಸ ಇದೇ. 2013ರ 2100ನೇ ನಿರ್ಣಯದಿಂದ ಹಿಡಿದು (ಮಾಲಿ ಮಿಷನ್‌ಗೆ ಪರಿಸರದ ಪರಿಣಾಮ ನೋಡ್ಕೊಳ್ಳಿ ಅನ್ನೋ ಪ್ಯಾರಾ ಬಂದಿದ್ದು ಅದ್ರಲ್ಲಿ) ಅಲ್ಲಿವರೆಗೆ ಬಂದ ಸುಮಾರು 60-65 ಮಂಡೇಟ್ ನಿರ್ಣಯ ತೆಗೆದು, ಪರಿಸರ, ಕಸ, ನೀರು ಇವುಗಳ ಬಗ್ಗೆ ಒಂದೊಂದು ಪದ ಎಲ್ಲಿ ಬಂದಿದೆ, ಯಾವ ಕ್ರಿಯಾಪದದ ಜೊತೆ, ಯಾವ ವರ್ಷ ಸೇರಿತು, ಯಾವ ವರ್ಷ ಉದುರಿತು ಎಲ್ಲಾ ಹಾಕಿದೆ. ಹನ್ನೊಂದು ವಾರಾಂತ್ಯ ಹೋಯ್ತು. ಆಗ ಕಂಡಿದ್ದು ಏನಂದ್ರೆ, ನನ್ನ 96 ಪದದಲ್ಲಿ 30ರ ಮೇಲೆ ಯಾವುದೋ ಒಂದು ನಿರ್ಣಯದಲ್ಲಿ ಆಗಲೇ ಪಾಸಾಗಿದೆ, ಬೇರೆ ಬೇರೆ ಕಡೆ ಚದುರಿದೆ ಅಷ್ಟೇ. ನಾನು ಹೊಸದಾಗಿ ಬರೆಯೋದೇ ಬೇಡ, ಹೆಕ್ಕಿ ಹೊಲಿದ್ರೆ ಸಾಕು.

ಕ್ರಿಯಾಪದದ ವಿಷಯ ಒಂಚೂರು. ಶಾಂತಿಪಾಲನಾ ಮಿಷನ್ ಇರೋ ಆತಿಥೇಯ ದೇಶಕ್ಕೆ 'ಕರೆ ಕೊಡುತ್ತದೆ' ಅಂತ ಬರೆದ್ರೆ ಅವರ ರಾಯಭಾರಿ ಎದ್ದು ಕೂರ್ತಾರೆ, ಅವರ ಸ್ನೇಹಿತರು ಒಳಗೆ ಕತ್ತರಿ ಹಿಡೀತಾರೆ. ಅದೇ 'ಮಹಾ ಪ್ರಧಾನ ಕಾರ್ಯದರ್ಶಿಯನ್ನು ಕೋರುತ್ತದೆ' ಅಂದ್ರೆ ಯಾರ ಮರ್ಯಾದೆಯೂ ಹೋಗಲ್ಲ, ಆದ್ರೆ ಸೆಕ್ರೆಟರಿಯೇಟ್‌ಗೆ ಅದು ಕೋರಿಕೆ ಅಲ್ಲ, ಹುಕುಂ. ವರದಿಯಲ್ಲಿ ಬರೀಲೇಬೇಕು. ಈ ಒಂದು ಬದಲಾವಣೆಗೇ ನಮ್ಮ ಪ್ಯಾರಾದ ಅರ್ಧ ಶತ್ರುಗಳು ಕಮ್ಮಿ ಆದ್ರು.

ಇನ್ನೊಂದು ಕಲಿತಿದ್ದು 'ಕ್ಲೈಮೇಟ್' ಅನ್ನೋ ಪದ ಹತ್ತಿರ ಸೇರಿಸಬಾರದು ಅಂತ. 2021ರ ಡಿಸೆಂಬರ್ 13ಕ್ಕೆ, ನಾನು ಸೇರಿದ ಹೊಸದು, ಐರ್ಲೆಂಡ್ ಮತ್ತೆ ನೈಜರ್ ತಂದ ಹವಾಮಾನ-ಭದ್ರತೆ ನಿರ್ಣಯ ಬಿತ್ತು. 12 ಪರ, ರಷ್ಯಾ ವೀಟೋ, ಭಾರತ ವಿರುದ್ಧ, ಚೀನಾ ತಟಸ್ಥ. ಭಾರತದ ವಾದ ಸರಿಯೋ ತಪ್ಪೋ ಇಲ್ಲಿ ಬೇಡ (ಹವಾಮಾನಕ್ಕೆ ಬೇರೆ ವೇದಿಕೆ ಇದೆ, 15 ಜನ ಕೂತು ತೀರ್ಮಾನ ಮಾಡೋದಲ್ಲ ಅನ್ನೋದು ಸುಮಾರು ಸಣ್ಣ ದೇಶಗಳ ಮನಸ್ಸಲ್ಲೂ ಇದೆ, ಬಾಯಿ ಬಿಡಲ್ಲ ಅಷ್ಟೇ). ನನಗೆ ಅದು ಕೊಟ್ಟ ಪಾಠ, ಗುಬ್ಬಿ ಕೆಲಸಕ್ಕೆ ಬ್ರಹ್ಮಾಸ್ತ್ರದ ಹೆಸರು ಇಡಬೇಡ. ನಮ್ಮ ಪ್ಯಾರಾದಲ್ಲಿ ಬರೀ ಕೊಳಚೆ ನೀರು, ಗುಂಡಿ, ಬಾವಿ. ಕೊಳಚೆ ನೀರಿಗೆ ವೀಟೋ ಹಾಕೋಕೆ ಯಾರಿಗಾದ್ರೂ ನಾಚಿಕೆ ಆಗುತ್ತೆ.

ಟೇಬಲ್ ಹಿಡ್ಕೊಂಡು ಸಿ-34ಕ್ಕೆ ಹೋದ್ವಿ. ಅಲ್ಲಿ ಎಲ್ಲಾ ಒಮ್ಮತ, ಒಬ್ಬರು ಮೂಗು ಮುರಿದ್ರೂ ಸಾಲು ಹೋಯ್ತು. 'ಕೊಳಚೆ ನೀರು' ಅಂತ ಒಳಗೆ ಹೋಗಿ 'ತ್ಯಾಜ್ಯ' ಅಂತ ಹೊರಗೆ ಬಂದ್ವಿ. ರಾತ್ರಿ 11ಕ್ಕೆ, ಆ ಒಂದು ಪದಕ್ಕೆ ನಲವತ್ತು ನಿಮಿಷ. ದುಡ್ಡು ಕಟ್ಟೋ ಒಂದು ದೊಡ್ಡ ದೇಶದವರು ಬಜೆಟ್ ಪರಿಣಾಮ ಇದೆ ಅಂದ್ರು, ಪಡೆ ಕಳಿಸೋ ಒಂದು ದೊಡ್ಡ ದೇಶದವರು ತಪ್ಪೆಲ್ಲಾ ನಮ್ಮ ಕಮಾಂಡರ್ ತಲೆಗೆ ಬರುತ್ತೆ ಅಂದ್ರು, ಎರಡೂ ಸುಳ್ಳಲ್ಲ. ಕೊನೆಗೆ 'ಲಭ್ಯ ಸಂಪನ್ಮೂಲದೊಳಗೆ' ಅನ್ನೋ ಬಾಲ ಅಂಟಿಸಿದ್ರು. ಕೊಟ್ಟ ಹಾಗೂ ಆಯ್ತು ಕೊಡದ ಹಾಗೂ ಆಯ್ತು. ಇಂಗ್ಲಿಷಿನ ಈ ಮೂರು ಪದದ ಮೇಲೆ ನನಗೆ ಇರೋ ದ್ವೇಷ ಬರೀತಾ ಹೋದ್ರೆ ಇನ್ನೊಂದು ಲೇಖನ ಆಗುತ್ತೆ.

ಈಗ ನನ್ನ ಮಹಾ ಯಡವಟ್ಟು. ತಿದ್ದಿದ ಡ್ರಾಫ್ಟ್ ಎಲ್ಲಾ ಡೆಲಿಗೇಶನ್‌ಗೂ ಕಳಿಸುವಾಗ ಟ್ರ್ಯಾಕ್ ಚೇಂಜಸ್ ಕ್ಲೀನ್ ಮಾಡದೇ ಕಳಿಸ್ಬಿಟ್ಟೆ. ಒಂದು ದೇಶದ ಡೆಲಿಗೇಟ್ ಹೆಸರಿನ ಪಕ್ಕ ನಮ್ಮ ಆಂತರಿಕ ಕಾಮೆಂಟ್, "ಈತ ಏನೂ ಓದಲ್ಲ, ಸುಮ್ನೆ ಹೂಂ ಅಂತಾನೆ, ಚಿಂತೆ ಬೇಡ". ಆವತ್ತು ಮಾತ್ರ ಆತ ಓದಿದ. ಹದಿನೈದು ನಿಮಿಷದಲ್ಲಿ ರಿಪ್ಲೈ ಆಲ್, "ಓದಿದೆ, ಧನ್ಯವಾದ" ಅಂತ. ನಾಲ್ಕು ತಿಂಗಳು ಅವನ ಕಡೆಯಿಂದ ನಮ್ಮ ಪ್ರತಿ ಸಾಲಿಗೂ ಪ್ರಶ್ನೆ, ಕಾಮಾಗೂ ಪ್ರಶ್ನೆ. ಮೇಡಂ ತಾವೇ ಅವರ ಮಿಷನ್‌ಗೆ ನಡ್ಕೊಂಡು ಹೋಗಿ ಕ್ಷಮೆ ಕೇಳಿ ಬಂದ್ರು, ನನ್ನನ್ನ ಕರ್ಕೊಂಡು ಹೋಗಲಿಲ್ಲ. ತಮಾಷೆ ಅಂದ್ರೆ ಅವನ ಪ್ರಶ್ನೆಗಳಿಗೆ ಉತ್ತರ ಹುಡುಕಿ ಹುಡುಕಿ ಪ್ಯಾರಾ 96ರಿಂದ 60ಕ್ಕೆ ಇಳೀತು, ಗಟ್ಟಿ ಆಯ್ತು. ಈಗ ನಾವಿಬ್ಬರೂ ಚೆನ್ನಾಗೇ ಇದೀವಿ.

ಮಧ್ಯೆ ಒಂದೆರಡು ಪ್ರಯೋಗ. ನೀರು ಪರೀಕ್ಷೆ ಕಿಟ್ ತರಿಸಿ, 300 ಡಾಲರ್ ಇರಬೇಕು, ಸಾರ್ಜೆಂಟ್‌ಗೆ ಕಳಿಸಿದೆ, ಕಾಲುವೆ ನೀರಿನ ಅಂಕಿ ತಂದು ಮೀಟಿಂಗಲ್ಲಿ ಹೇಳೋಣ ಅಂತ. ಇದು ಯಾವ ಲ್ಯಾಬ್, ಯಾರ ಸರ್ಟಿಫಿಕೇಟ್ ಅಂತ ಎರಡೇ ನಿಮಿಷದಲ್ಲಿ ನನ್ನ ಬಾಯಿ ಮುಚ್ಚಿಸಿದ್ರು. ಅಂಕಿಗಿಂತ ಫೋಟೋ ಕೆಲಸ ಮಾಡ್ತು. ಆದ್ರೆ ಆ ಫೋಟೋ ನಾವು ಒಂದು ಕಡೆನೂ ಹಾಕಲಿಲ್ಲ, ಪ್ರೆಸ್‌ಗೆ ಕೊಡಲಿಲ್ಲ, ಇಮೇಲ್ ಮಾಡಲಿಲ್ಲ. ಬೇಕಾದೋರಿಗೆ ಫೋನಲ್ಲಿ ತೋರಿಸಿ ವಾಪಸ್ ಜೇಬಿಗೆ. ಬಯಲಿಗೆ ಹಾಕಿದ್ರೆ ಒಂದು ದಿನದ ಸುದ್ದಿ ಆಗ್ತಿತ್ತು, ಆಮೇಲೆ ಪಡೆ ಕಳಿಸಿದ ದೇಶ ಹತ್ತು ವರ್ಷ ನಮ್ಮ ಮುಖ ನೋಡ್ತಿರಲಿಲ್ಲ.

ಆರಿಯಾ ಫಾರ್ಮುಲಾ ಮೀಟಿಂಗ್ (ಮಂಡಳಿ ಸದಸ್ಯರು ಕರೆಯೋ ಅನೌಪಚಾರಿಕ ಸಭೆ) ಕೂಡ ಮಾಡಿಸಿದ್ವಿ, ಎರಡು ವರ್ಷಕ್ಕೆ ಮಂಡಳಿಗೆ ಬಂದ ಒಬ್ಬ ಚುನಾಯಿತ ಸದಸ್ಯರ ಹೆಸರಲ್ಲಿ. ಎರಡೂವರೆ ಗಂಟೆ ಮಾತು, ಆಮೇಲೆ ಏನೂ ಇಲ್ಲ. 1992ರಲ್ಲಿ ವೆನೆಜುವೆಲಾದ ಡಿಯೆಗೊ ಆರಿಯಾ ಶುರು ಮಾಡಿದಾಗ ಅದು ಒಬ್ಬ ಸಾಕ್ಷಿಯನ್ನ ಸದ್ದಿಲ್ಲದೆ ಕೇಳಿಸ್ಕೊಳ್ಳೋ ಸಣ್ಣ ಕೂಟ, ಈಗ ಎಲ್ಲರೂ ಕ್ಯಾಮೆರಾಗೆ ಭಾಷಣ ಮಾಡೋ ಜಾಗ. ಸಣ್ಣ ದೇಶಗಳ ಫೋರಂ ಇದೆಯಲ್ಲ, ಅದೇ 1992ರಲ್ಲಿ ಸಿಂಗಾಪುರ ಕಟ್ಟಿದ್ದು, 108 ದೇಶ, ಅಲ್ಲೂ ಒಂದ್ಸಲ ಪ್ರೆಸೆಂಟ್ ಮಾಡಿದೆ. ಪರಿಚಯ ಬೆಳೆಸೋಕೆ ಒಳ್ಳೇ ಜಾಗ, ಆದ್ರೆ ಭದ್ರತೆ ವಿಷಯಕ್ಕೆ 108 ಜನರ ಗುಂಪು ಅಂದ್ರೆ ಗುಂಪೇ ಅಲ್ಲ, ಜಾತ್ರೆ. ನಾಲ್ಕೈದು ಜನ ಇದ್ರೆ ಸಾಕು.

ಕ್ಯಾಪಿಟಲ್‌ನ ಒಬ್ಬ ಹಿರಿಯರಿಗೆ ಮಾಲ್ಟಾ ಕಥೆ ಹೇಳಿದ್ದು ನನ್ನ ಇನ್ನೊಂದು ತಪ್ಪು. 1975ರಲ್ಲಿ ಯುರೋಪಿನ ಭದ್ರತೆ ಬಗ್ಗೆ ನಡೆದ ಹೆಲ್ಸಿಂಕಿ ಶೃಂಗಸಭೆಗೆ ಮುಂಚೆ, ಅಮೆರಿಕ ಸೋವಿಯತ್ ಎಲ್ಲಾ ಒಪ್ಪಿದ ಮೇಲೆ, ಪ್ರಧಾನಿ ಡಾಮ್ ಮಿಂಟಾಫ್ ಅವರ ಮಾಲ್ಟಾ ಒಂದೇ ದೇಶ, ಮೆಡಿಟರೇನಿಯನ್ ವಿಷಯದ ಸಾಲು ಬೇಕು ಅಂತ ಹಟ ಹಿಡಿದು ಕೂತು ತಗೊಂಡೇ ಬಿಡ್ತು. ಹಿರಿಯರಿಗೆ ಖುಷಿಯಾಗಿ "ನೀವೂ ಹಂಗೇ ಮಾಡಿ" ಅಂತ ಆರ್ಡರ್. ಸಿ-34ರಲ್ಲಿ ಒಂದು ದಿನ ಒಮ್ಮತ ತಡೆ ಹಿಡಿದ್ವಿ. ಸಂಜೆಯೊಳಗೆ ಮೂರು ರಾಜಧಾನಿಯಿಂದ ನಮ್ಮ ವಿದೇಶಾಂಗ ಸಚಿವರಿಗೆ ಫೋನ್, ರಾತ್ರಿ ನಾವು ಕೈಬಿಟ್ವಿ, ಬಾಲ ಮುದುರ್ಕೊಂಡು. ಮಾಲ್ಟಾ ಕೈಲಿ ಗಡಿಯಾರ ಇತ್ತು, ಅಷ್ಟು ದೇಶದ ನಾಯಕರು ಹೆಲ್ಸಿಂಕಿಗೆ ಹೊರಡೋಕೆ ರೆಡಿ, ತಾರೀಕಿಗೆ ಮಾಲ್ಟಾದ ಹೂಂ ಬೇಕಿತ್ತು. ನಮ್ಮ ತಡೆಗೆ ಯಾರಿಗೂ ಟ್ರೈನ್ ಮಿಸ್ ಆಗ್ತಿರಲಿಲ್ಲ. ಅಷ್ಟು ಸರಳ ವಿಷಯ ನಾನು ಮೊದಲೇ ಹೇಳ್ಬೇಕಿತ್ತು.

ನನಗೆ ನಿಜವಾದ ಗುರು ಅಂದ್ರೆ ಲಿಕ್ಟನ್‌ಸ್ಟೈನ್. ಜನ 40 ಸಾವಿರದ ಆಸುಪಾಸು, 1868ರಿಂದ ಸೈನ್ಯ ಇಲ್ಲ. 2022ರ ಏಪ್ರಿಲ್ 26ಕ್ಕೆ ಅವರ ವೀಟೋ ನಿರ್ಣಯ, 76/262, ಸಾಮಾನ್ಯ ಸಭೆಯಲ್ಲಿ ವೋಟೇ ಇಲ್ಲದೆ ಪಾಸಾದಾಗ ನಾನು ಹಿಂದಿನ ಸಾಲಲ್ಲಿ ಕೂತಿದ್ದೆ. ಯಾರಾದ್ರೂ ವೀಟೋ ಹಾಕಿದ್ರೆ 10 ಕೆಲಸದ ದಿನದೊಳಗೆ ಸಾಮಾನ್ಯ ಸಭೆ ಸೇರಿ ಚರ್ಚೆ, ಅಷ್ಟೇ, ವೀಟೋ ಅಧಿಕಾರ ಮುಟ್ಟೋದಿಲ್ಲ. 83 ದೇಶ ಜೊತೆಗೆ ಸಹಿ ಹಾಕಿದ್ವು. ಮರೆಯೋ ಹಾಗಿಲ್ಲ, ಹತ್ತು ವರ್ಷ ಹಿಂದೆ 2012ರಲ್ಲಿ ಇದೇ ಲಿಕ್ಟನ್‌ಸ್ಟೈನ್, ಸ್ವಿಟ್ಜರ್ಲೆಂಡ್, ಸಿಂಗಾಪುರ, ಜೋರ್ಡಾನ್, ಕೋಸ್ಟರಿಕಾ ಐದೂ ಸೇರಿ ಮಂಡಳಿಯ ಕೆಲಸದ ರೀತಿ ಬಗ್ಗೆ ತಂದ ನಿರ್ಣಯವನ್ನ ಕಾಯಂ ಐವರ ಒತ್ತಡಕ್ಕೆ ವಾಪಸ್ ತಗೊಂಡಿದ್ವು. ಅವತ್ತು ಸೋತ ರಾಯಭಾರಿನೇ, ಕ್ರಿಶ್ಚಿಯನ್ ವೆನವೇಸರ್, 2002ರಿಂದ ಅದೇ ಕುರ್ಚಿಯಲ್ಲಿ, 2022ರಲ್ಲಿ ಗೆದ್ದಿದ್ದೂ. ದೊಡ್ಡ ದೇಶಗಳು ಮೂರು ನಾಲ್ಕು ವರ್ಷಕ್ಕೆ ಜನ ಬದಲಾಯಿಸ್ತವೆ, ಹೊಸಬರಿಗೆ ಹಳೇದು ಗೊತ್ತಿರಲ್ಲ. ಇದನ್ನ ತೋರಿಸಿನೇ ನಾನು ಮೇಡಂಗೆ ನನ್ನ ಕಾಂಟ್ರ್ಯಾಕ್ಟ್ ಒಂದಲ್ಲ, ಮೂರು ವರ್ಷಕ್ಕೆ ಮಾಡಿ ಅಂದಿದ್ದು. ಸ್ವಾರ್ಥ ಇತ್ತು, ಸುಳ್ಳು ಇರಲಿಲ್ಲ.

ನನ್ನ ಮೊದಲ ಗುರಿ ಮಾಲಿ ಮಿಷನ್. ಟೇಬಲಲ್ಲಿ ಅತಿ ಹೆಚ್ಚು ಪೂರ್ವ ಉದಾಹರಣೆ ಇದ್ದಿದ್ದು ಅದಕ್ಕೇ. 2023ರ ಜೂನ್ ರಿನ್ಯೂವಲ್‌ಗೆ ಅಂತ ಎಲ್ಲಾ ಜೋಡಿಸಿಟ್ಟಿದ್ದೆ, ಮೂರು ಚುನಾಯಿತ ಸದಸ್ಯರು ಹೂಂ ಅಂದಿದ್ರು. ಜೂನ್ ಮಧ್ಯದಲ್ಲಿ ಮಾಲಿ ಸರ್ಕಾರ ಮಿಷನ್ ಹೊರಡಲಿ ಅಂತು, 30ನೇ ತಾರೀಕು 2690ನೇ ನಿರ್ಣಯ, ಮಿಷನ್ನೇ ಬಂದ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎರಡು ದಿನ ಯಾರ ಜೊತೆನೂ ಮಾತಾಡಲಿಲ್ಲ ನಾನು. ಮೂರನೇ ದಿನ ಹೊಳೀತು, ಮಿಷನ್ ಮುಚ್ಚುವಾಗ ಕ್ಯಾಂಪ್ ಗುಂಡಿಗಳು ಏನಾಗ್ತವೆ? ಬಿಟ್ಟು ಹೋಗ್ತಾರಾ, ಮುಚ್ತಾರಾ, ಪಕ್ಕದೂರಿನ ಬಾವಿ ಗತಿ? ಪ್ಯಾರಾದ ದಿಕ್ಕು ಅಲ್ಲೇ ಬದಲಾಯ್ತು. ಕ್ಯಾಂಪ್ ನಡೆಸುವಾಗ ಅಲ್ಲ, ಬಿಟ್ಟು ಕೊಡುವಾಗ ಕೊಳಚೆ ಮತ್ತೆ ನೀರಿನ ಲೆಕ್ಕ ಒಪ್ಪಿಸಿ ಹೋಗಿ ಅಂತ. ಇದಕ್ಕೆ ಪಡೆ ಕಳಿಸೋ ದೇಶಗಳ ವಿರೋಧನೂ ಕಮ್ಮಿ, ಯಾಕಂದ್ರೆ ಹೊಣೆ ಸೆಕ್ರೆಟರಿಯೇಟ್‌ದು. ಆತಿಥೇಯ ದೇಶಕ್ಕಂತೂ ಖುಷಿಯೇ, ಅವರು ಮೊದಲ ಸಲ ನಮ್ಮ ಪರ ಮಾತಾಡಿದ್ರು. 60 ಪದ 41 ಆಗಿದ್ದು ಇಲ್ಲಿ.

ಯಾರನ್ನ ಹಿಡೀಬೇಕು ಅನ್ನೋದು ಒಂದು ಹೇಳ್ತೀನಿ. ಜೂನಲ್ಲಿ ಗೆದ್ದೋರು ಜನವರಿಗೆ ಸೀಟಿಗೆ ಬರ್ತಾರೆ, ಅಕ್ಟೋಬರ್ 1ರಿಂದ ಒಳಗೆ ಕೂತು ನೋಡ್ಬಹುದು. ಆ ಕಾಲದಲ್ಲಿ ಅವರ ಎಕ್ಸ್‌ಪರ್ಟ್‌ಗಳಿಗೆ ನಿದ್ದೆ ಇಲ್ಲ, ಹತ್ತು ಫೈಲ್ ತಲೆ ಮೇಲೆ, ತಮ್ಮ ಹೆಸರಲ್ಲಿ ಏನಾದ್ರೂ ಮಾಡ್ಬೇಕು ಅನ್ನೋ ಆಸೆ ಬೇರೆ. ಆಗ ಒಂದು ಪುಟ ಕೊಡಿ. ಎರಡು ಪುಟ ಅಲ್ಲ, ಒಂದು.

ನಾನು ಕೊಟ್ಟಿದ್ದು ಅಂಗೈಯಗಲದ ಚೀಟಿ. ಬೇಸ್‌ಮೆಂಟಿನ ವಿಯೆನ್ನಾ ಕೆಫೆಯಲ್ಲಿ ಒಂದು ಚುನಾಯಿತ ದೇಶದ ಎಕ್ಸ್‌ಪರ್ಟ್, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಎರಡು ಮೀಟಿಂಗ್ ಮಧ್ಯೆ ಏಳು ನಿಮಿಷ ಕೊಟ್ಟಿದ್ರು. ಪ್ಯಾರಾ ಓದಿ ಮೊದಲು ಕೇಳಿದ್ದು, "ಇದು ಎಲ್ಲಿಂದ ತಗೊಂಡಿದ್ದು?" ಚೀಟಿ ತಿರುಗಿಸಿ ಅಂದೆ. ಹಿಂದೆ ಪ್ರತಿ ತುಂಡಿಗೂ ಯಾವ ನಿರ್ಣಯ, ಯಾವ ಪ್ಯಾರಾ ನಂಬರ್, ಆವತ್ತು ಎಷ್ಟು ವೋಟ್ ಅಂತ ಇತ್ತು. "ಹೊಸ ಪದ ಎಷ್ಟು?" "ಆರು." "ಆ ಆರರಲ್ಲಿ ಯಾವುದು ಹೋದ್ರೆ ಪರವಾಗಿಲ್ಲ?" ಇಂಥ ಪ್ರಶ್ನೆ ಕೇಳೋರು ಸಿಕ್ಕಿದ್ರೆ ಕೆಲಸ ಅರ್ಧ ಆಯ್ತು ಅಂತ ತಿಳ್ಕೊಳ್ಳಿ. ಎರಡು ಪದ ತೋರಿಸಿದೆ. ಬೇಕಂತಲೇ ಹೋಗ್ಲಿ ಅಂತ ಹಾಕಿದ್ದ ಪದಗಳು ಅವು, ಕತ್ತರಿ ಹಿಡಿದೋರಿಗೆ ಕತ್ತರಿಸೋಕೆ ಏನಾದ್ರೂ ಬೇಕಲ್ಲ. ಅವರು ನಕ್ಕು ಚೀಟಿ ಮಡಚಿ ಬ್ಯಾಡ್ಜ್ ಹಿಂದೆ ಸಿಕ್ಕಿಸ್ಕೊಂಡ್ರು.

ಮೂರು ಸುತ್ತು ಮಾತುಕತೆ ನಡೀತು, ಎರಡನೇ ಸುತ್ತಲ್ಲಿ ಪೂರ್ತಿ ಪ್ಯಾರಾ ಬ್ರ್ಯಾಕೆಟ್‌ಗೆ ಹೋಗಿ (ಅಂದ್ರೆ ಇನ್ನೂ ಒಪ್ಪಿಗೆ ಇಲ್ಲ ಅಂತ ಗುರುತು) ನನ್ನ ಜೀವ ಹೋಯ್ತು. ಮೂರನೇ ಸುತ್ತಲ್ಲಿ ಆ ಎರಡು ಪದ ಬಲಿ ಕೊಟ್ಟು ಬ್ರ್ಯಾಕೆಟ್ ತೆಗೆಸಿದ್ರು, ಬದಲಿಗೆ ಬೇರೆಯವರು ಎರಡು ಪದ ಸೇರಿಸಿದ್ರಿಂದ ಲೆಕ್ಕ 41ಕ್ಕೇ ನಿಂತಿತು. ಡ್ರಾಫ್ಟ್ ಪ್ರತಿ ಸುತ್ತಲ್ಲೂ ನನ್ನ ಕೈಗೆ ಹೆಂಗೆ ಬರ್ತಿತ್ತು ಅಂತ ಮಾತ್ರ ಕೇಳಬೇಡಿ. ಪ್ಯಾರಾ ಪೆನ್‌ಹೋಲ್ಡರ್‌ಗೆ ಯಾವ ದಿನ ಯಾವ ಹೊತ್ತಿಗೆ ತಲುಪಬೇಕು ಅನ್ನೋದಕ್ಕೂ ನನ್ನದೊಂದು ಲೆಕ್ಕ ಇದೆ, ಅದು ನನ್ನ ಹೊಟ್ಟೆಪಾಡು, ಅದನ್ನೂ ಬಿಡಿ.

ದುಡ್ಡು. ಸಂಬಳ ಬಿಟ್ಟು ಮೂರು ವರ್ಷದಲ್ಲಿ ಒಟ್ಟು ಖರ್ಚು 45 ಸಾವಿರ ಡಾಲರ್ ಸುತ್ತಮುತ್ತ. ಅದ್ರಲ್ಲಿ ಆ ದರಿದ್ರ ಸೈಡ್ ಈವೆಂಟ್ 14, ಸಾರ್ಜೆಂಟ್‌ನ ಒಂದ್ಸಲ ನ್ಯೂಯಾರ್ಕ್‌ಗೆ ಕರೆಸಿದ್ದು ನಾಲ್ಕೋ ಐದೋ (ಇದು ಮಾತ್ರ ಪೈಸಾ ವಸೂಲ್, ಯೂನಿಫಾರ್ಮಲ್ಲಿ ಬಂದು ಎಂಟು ಎಕ್ಸ್‌ಪರ್ಟ್‌ಗಳಿಗೆ ಗುಂಡಿ ಹೆಂಗೆ ತುಂಬುತ್ತೆ ಅಂತ ಪೇಪರ್ ಮೇಲೆ ಬಿಡಿಸಿ ತೋರಿಸಿದ), ಕ್ಯಾಪಿಟಲ್‌ಗೆ ಓಡಾಟ 12ರ ಹತ್ರ, ಉಳಿದಿದ್ದು ಕಾಫಿ, ಟ್ಯಾಕ್ಸಿ, ಪ್ರಿಂಟ್. ಸೈಡ್ ಈವೆಂಟ್, ಮಾಲಿ ಲೆಕ್ಕ, ತಡೆ ಹಿಡಿದ ಸಾಹಸ ಇವೆಲ್ಲಾ ತೆಗೆದ್ರೆ 20 ಸಾವಿರದೊಳಗೆ ಆಗೋ ಕೆಲಸ. ಸೀಟಿಗೆ ನಿಂತಿದ್ರೆ ಇಷ್ಟು ಒಂದು ರಿಸೆಪ್ಶನ್ ಸೀಸನ್‌ಗೆ ಸಾಲ್ತಿರಲಿಲ್ಲ.

ಪ್ಯಾರಾ ಬಂದ್ಮೇಲೆ ಏನಾಯ್ತು ಅಂತ ಕೇಳೋರಿದ್ದಾರೆ. ಮಹಾ ಪ್ರಧಾನ ಕಾರ್ಯದರ್ಶಿಯ ವರದಿಯಲ್ಲಿ ಒಂದೂವರೆ ಪುಟ ಬಂತು, ಎರಡು ಕ್ಯಾಂಪ್ ಒಪ್ಪಿಸುವಾಗ ಬಾವಿ ಪರೀಕ್ಷೆ ಮಾಡಿದ್ರು ಅಂತ ಅದ್ರಲ್ಲಿ ಇದೆ. ಎರಡೇ. ಪಾಸಾದ ಪ್ಯಾರಾನ ಹಂಗೇ ಬಿಟ್ರೆ ಕರಗುತ್ತೆ ಅನ್ನೋದು ಬೇರೆ. ಸಿರಿಯಾಕ್ಕೆ ಗಡಿ ದಾಟಿ ನೆರವು ಕಳಿಸೋ ನಿರ್ಣಯ ನೋಡಿ, 2014ರಲ್ಲಿ ಆಸ್ಟ್ರೇಲಿಯಾ, ಲಕ್ಸಂಬರ್ಗ್, ಜೋರ್ಡಾನ್ ಬರೆದಾಗ ನಾಲ್ಕು ಗಡಿದಾರಿ, 2021ರಲ್ಲಿ ಐರ್ಲೆಂಡ್, ನಾರ್ವೆ ಕೈಗೆ ಪೆನ್ ಬರೋ ಹೊತ್ತಿಗೆ ಒಂದೇ ದಾರಿ ಉಳ್ಕೊಂಡಿತ್ತು, ಅದನ್ನ ಉಳಿಸೋದೇ ದೊಡ್ಡ ಗೆಲುವು ಆಯ್ತು. ನಮ್ಮದಕ್ಕೂ ಈಗ 'ಮಂಡೇಟ್ ಚಿಕ್ಕದು ಮಾಡೋಣ' ಅನ್ನೋರು ಕಣ್ಣಿಟ್ಟಿದ್ದಾರೆ.

ನನ್ನ ಕಾಂಟ್ರ್ಯಾಕ್ಟ್ ಮುಗೀತು. ಟೇಬಲ್ ನನ್ನ ಜಾಗಕ್ಕೆ ಬಂದ ಹುಡುಗನಿಗೆ ಕೊಟ್ಟು ಬಂದಿದೀನಿ, ಅವನು ಪ್ರತಿ ಹೊಸ ನಿರ್ಣಯ ಅದಕ್ಕೆ ಸೇರಿಸ್ತಿದ್ದಾನೋ ಇಲ್ವೋ, ಕೇಳಿದ್ರೆ ಹೂಂ ಅಂತಾನೆ. ಬ್ಯಾಡ್ಜ್ ಹಿಂದೆ ಚೀಟಿ ಇಟ್ಕೊಂಡೋರು ಬೇರೆ ಊರಿಗೆ ವರ್ಗ ಆದ್ರು, ಅವರ ದೇಶದ ಎರಡು ವರ್ಷನೂ ಮುಗೀತು. ಮೊನ್ನೆ ಹೊಸದಾಗಿ ಮಂಡಳಿಗೆ ಬಂದ ಒಂದು ದೇಶದ ಎಕ್ಸ್‌ಪರ್ಟ್ ಯಾರದೋ ಹತ್ರ ನಂಬರ್ ತಗೊಂಡು ಮೆಸೇಜ್ ಹಾಕಿದ್ರು, ಪ್ಯಾರಾದ ಫೋಟೋ, ಕೆಳಗೆ ಒಂದೇ ಸಾಲು, "ಇದು ಎಲ್ಲಿಂದ ಬಂತು, ತೆಗೆದ್ರೆ ಯಾರಿಗಾದ್ರೂ ಬೇಜಾರಾಗುತ್ತಾ?" ಚೀಟಿಯ ಹಿಂಭಾಗದ ಫೋಟೋ ತೆಗೆದು ಕಳಿಸಿದೀನಿ. ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.